ಬಸಿರು ಕಾಯಿಲೆಯಲ್ಲ, ಮತ್ತೆ ಆಸ್ಪತ್ರೆಗೆ ಯಾಕೆ? ಹೆಣ್ಣುಮಕ್ಕಳ ಓದು ಮತ್ತು ಗರ್ಭಿಣಿ ತಪಾಸಣೆಯ ಚರಿತ್ರೆ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸಿಗೆ ಹೋಗ್ತಾ ಬಸ್ಸಲ್ಲೋ ಮೆಟ್ರೋದಲ್ಲೋ ಓದ್ಕೋತೀವಿ ಅನ್ನೋರಿಗೆ ಇದು ಆ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.

ಇವತ್ತಿನ ಪ್ರಶ್ನೆ ತುಂಬ ಸರಳ. ಓದಿದ ಹುಡುಗಿ ಬಸಿರಾದಾಗ ಬೇಗ ಡಾಕ್ಟರ ಹತ್ತಿರ ಹೋಗ್ತಾಳೆ, ಓದದ ಹುಡುಗಿ ತಡವಾಗಿ ಹೋಗ್ತಾಳೆ ಅಥವಾ ಹೋಗೋದೇ ಇಲ್ಲ. ಇದು ದೇಶ ದೇಶಗಳಲ್ಲಿ ಮತ್ತೆ ಮತ್ತೆ ಕಂಡಿರೋ ಸಂಗತಿ. ಆದರೆ ಯಾಕೆ? "ಓದಿದವರಿಗೆ ಬುದ್ಧಿ ಇರುತ್ತೆ, ಅದಕ್ಕೆ" ಅಂತ ನಾವು ಥಟ್ಟನೆ ಹೇಳಿಬಿಡ್ತೀವಿ. ಆ ಉತ್ತರ ಅರ್ಧ ತಪ್ಪು. ಏಳನೇ ಕ್ಲಾಸಿನ ತನಕ ಓದಿದ ಹುಡುಗಿಗೆ ಶಾಲೆಯಲ್ಲಿ ಬಸಿರಿನ ಬಗ್ಗೆ ಒಂದು ಅಕ್ಷರವನ್ನೂ ಹೇಳಿಕೊಟ್ಟಿರೋದಿಲ್ಲ. ಅಶೋಕ ಚಕ್ರವರ್ತಿ, ತ್ರಿಕೋನದ ವಿಸ್ತೀರ್ಣ, "ಪತ್ರ ಲೇಖನ" ಇಷ್ಟೇ ಕಲಿತಿರ್ತಾಳೆ. ಅದು ಹತ್ತು ವರ್ಷ ಆದ ಮೇಲೆ ಅವಳ ಜೀವ ಉಳಿಸೋಕೆ ಹೇಗೆ ಸಹಾಯ ಮಾಡುತ್ತೆ? ಇದಕ್ಕೆ ಉತ್ತರ ಹುಡುಕಿದ ಮುಖ್ಯ ಜಾಗಗಳಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳೂ ಸೇರಿವೆ. ಅಲ್ಲಿಗೆ ಬರೋಣ. ಅದಕ್ಕೂ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಚೆನ್ನಾಗಿರುವಾಗಲೇ ಡಾಕ್ಟರ ಹತ್ತಿರ ಹೋಗುವುದು

"ಹೆಣ್ಣಿಗೆ ಹೆರಿಗೆ ಅಂದ್ರೆ ಪುನರ್ಜನ್ಮ" ಅನ್ನೋ ಮಾತು ನಮ್ಮ ಅಜ್ಜಿಯರ ಬಾಯಲ್ಲಿ ಇದ್ದದ್ದೇ. ಅಪಾಯ ಎಲ್ಲರಿಗೂ ಗೊತ್ತಿತ್ತು. ಆದರೆ ಆ ಅಪಾಯವನ್ನು ಎದುರಿಸೋ ಹೊತ್ತು ಯಾವುದು ಅಂತ ಕೇಳಿದರೆ, ಎಲ್ಲ ಕಡೆ ಒಂದೇ ಉತ್ತರ: ನೋವು ಶುರುವಾದಾಗ. ಅದಕ್ಕೆ ಮುಂಚಿನ ಒಂಬತ್ತು ತಿಂಗಳಿಗೆ ಬಯಕೆ ಊಟ ಇತ್ತು, ಸೀಮಂತ ಇತ್ತು, ಉತ್ತರ ಕರ್ನಾಟಕದ ಕಡೆ ಕುಬಸ ಇತ್ತು, ತಿನ್ನಬೇಕಾದ್ದು ತಿನ್ನಬಾರದ್ದರ ಪಟ್ಟಿ ಇತ್ತು. ತಪಾಸಣೆ ಇರಲಿಲ್ಲ.

ಯುರೋಪಿನಲ್ಲೂ ಇರಲಿಲ್ಲ ಅನ್ನೋದನ್ನ ಮರೀಬಾರದು. ಗರ್ಭಿಣಿ ತಪಾಸಣೆ ಅನ್ನೋ ಪದ್ಧತಿಗೆ ಹೆಚ್ಚು ಕಡಿಮೆ 120 ವರ್ಷ ವಯಸ್ಸು ಅಷ್ಟೇ. ಎಡಿನ್‌ಬರೋದಲ್ಲಿ ಜಾನ್ ವಿಲಿಯಂ ಬ್ಯಾಲಂಟೈನ್ ಅನ್ನೋ ವೈದ್ಯರು, ಹೆರಿಗೆಗೆ ಅಲ್ಲ, ಹೆರಿಗೆಗೆ ಮುಂಚೆ ತೊಂದರೆ ಇರುವ ಬಸುರಿಯರಿಗಾಗಿಯೇ ಆಸ್ಪತ್ರೆಯಲ್ಲಿ ಜಾಗ ಬೇಕು ಅಂತ 1901ರಲ್ಲಿ ವಾದ ಮಾಡಿದರು. ಅವರಿಗೆ ಸಿಕ್ಕಿದ್ದು ಒಂದೇ ಒಂದು ಹಾಸಿಗೆ. ಅದೇ ವರ್ಷ ಅಮೆರಿಕದ ಬಾಸ್ಟನ್‌ನಲ್ಲಿ ನರ್ಸ್‌ಗಳು ಬಸುರಿಯರ ಮನೆಗೆ ಹೋಗಿ ನೋಡಿಕೊಂಡು ಬರೋದು ಶುರುವಾಯಿತು. 1929ರಲ್ಲಿ ಬ್ರಿಟನ್ನಿನ ಆರೋಗ್ಯ ಇಲಾಖೆ ಒಂದು ವೇಳಾಪಟ್ಟಿ ಹೊರಡಿಸಿತು: ಶುರುವಿನಲ್ಲಿ ತಿಂಗಳುಗಳ ಅಂತರ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಕೊನೆಗೆ ವಾರಕ್ಕೊಮ್ಮೆ. ಇವತ್ತು ನಿಮ್ಮ ಮನೆಯಲ್ಲಿ ಯಾರಾದರೂ ಬಸುರಿ ಇದ್ದರೆ ಅವರ ಫೈಲಿನಲ್ಲಿ ಬರೆದಿರೋ "ನೆಕ್ಸ್ಟ್ ವಿಸಿಟ್" ತಾರೀಖಿನ ಮೂಲ ಇದೇ ಪಟ್ಟಿ.

ಇದರಲ್ಲಿ ಹೊಸದೇನು ಅಂತ ಗಮನಿಸಿ. ಕಾಯಿಲೆ ಬಂದಾಗ ವೈದ್ಯರ ಹತ್ತಿರ ಹೋಗೋದು ಎಲ್ಲ ಕಾಲದಲ್ಲೂ ಇತ್ತು. ಆದರೆ ಇದು ಚೆನ್ನಾಗಿರುವಾಗ ಹೋಗೋದು. ಯಾವ ನೋವೂ ಇಲ್ಲದಿರುವಾಗ, ಕ್ಯಾಲೆಂಡರ್ ನೋಡಿ, ಒಂದು ದಿನದ ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು, ಸಾಲಿನಲ್ಲಿ ನಿಂತು, ಗುರುತಿಲ್ಲದವರಿಗೆ ಹೊಟ್ಟೆ ತೋರಿಸಿ ಬರೋದು. ಬಿಪಿ ಏರಿದ್ದು ಬಸುರಿಗೆ ಅನುಭವಕ್ಕೆ ಬರದೆ ಇರಬಹುದು. ರಕ್ತ ಕಡಿಮೆ ಇರೋದು "ಸುಸ್ತು, ಬಸುರಿ ಅಲ್ವಾ" ಅನ್ನೋ ಮಾತಿನಲ್ಲಿ ಮುಚ್ಚಿಹೋಗುತ್ತೆ. ಕಣ್ಣಿಗೆ ಕಾಣದ, ಮೈಗೆ ತಿಳಿಯದ ಅಪಾಯವನ್ನು ಯಾರೋ ಬರೆದ ಅಂಕಿಯ ಮೇಲೆ ನಂಬಬೇಕು. ಈ ನಂಬಿಕೆ ತಾನಾಗಿ ಬರಲ್ಲ, ಅದನ್ನು ಎಲ್ಲೋ ಒಂದು ಕಡೆ ಕಲಿಯಬೇಕು.

ನೀವಿರುವ ಊರುಗಳಲ್ಲೇ ನಡೆದ ಕಥೆ

ಪುಣೆಯಲ್ಲಿ, ಮುಂಬೈಯಲ್ಲಿ ಇರೋರು ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಕಲ್ಯಾಣದಲ್ಲಿ 1865ರಲ್ಲಿ ಹುಟ್ಟಿದ ಒಂದು ಹುಡುಗಿಗೆ 9 ವರ್ಷಕ್ಕೆ ಮದುವೆಯಾಯಿತು. 14ನೇ ವಯಸ್ಸಿಗೆ ಗಂಡು ಮಗು ಹೆತ್ತಳು. ಸರಿಯಾದ ವೈದ್ಯರ ನೆರವು ಸಿಗದೆ ಮಗು 10 ದಿನಕ್ಕೆ ಹೋಯಿತು. ಆ ಹುಡುಗಿ ಆನಂದಿಬಾಯಿ ಜೋಶಿ. ಅಂಚೆ ಇಲಾಖೆಯಲ್ಲಿದ್ದ ಗಂಡ ಗೋಪಾಲರಾವ್ ಹಟ ಹಿಡಿದು ಓದಿಸಿದರು. ಅವರು ಹಡಗು ಹತ್ತಿ ಅಮೆರಿಕಕ್ಕೆ ಹೋಗಿ 1886ರಲ್ಲಿ ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಡಾಕ್ಟರ್ ಆಗಿ ಹೊರಬಂದರು. ಅಲ್ಲಿ ಬರೆದ ಪ್ರಬಂಧದ ವಿಷಯ ಹಿಂದೂಗಳಲ್ಲಿ ಪ್ರಸೂತಿ ಶಾಸ್ತ್ರ. ಊರಿಗೆ ಮರಳಿದ ಅವರು ಕ್ಷಯದಿಂದ 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ತೀರಿಕೊಂಡರು. ಆಗ ಅವರಿಗೆ ಇನ್ನೂ 22 ತುಂಬಿರಲಿಲ್ಲ.

ಅದೇ ಹೊತ್ತಿಗೆ ಮುಂಬೈ ಕೋರ್ಟಿನಲ್ಲಿ ಇನ್ನೊಬ್ಬ ಹೆಣ್ಣುಮಗಳು ನಿಂತಿದ್ದರು. 11ನೇ ವಯಸ್ಸಿಗೆ ಮದುವೆಯಾಗಿದ್ದ ರಖ್ಮಾಬಾಯಿ, ತಾನು ಒಪ್ಪದ ಮದುವೆಗೆ ಗಂಡನ ಮನೆಗೆ ಹೋಗಲ್ಲ ಅಂದರು. ಗಂಡನ ಮನೆಗೆ ಹೋಗು, ಇಲ್ಲಾಂದ್ರೆ 6 ತಿಂಗಳು ಜೈಲು ಅಂತ 1887ರಲ್ಲಿ ಕೋರ್ಟ್ ಹೇಳಿತು. ಜೈಲಿಗೇ ಹೋಗ್ತೀನಿ ಅಂದರು. ಕೊನೆಗೆ ರಾಜಿಯಾಯಿತು. ಅವರು ಲಂಡನ್ನಿಗೆ ಹೋಗಿ ಡಾಕ್ಟರ್ ಆಗಿ ಬಂದು ಸೂರತ್, ರಾಜ್‌ಕೋಟ್‌ಗಳಲ್ಲಿ ದಶಕಗಳ ಕಾಲ ಹೆಂಗಸರ ಆಸ್ಪತ್ರೆ ನಡೆಸಿದರು.

ಈ ಇಬ್ಬರ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರುತ್ತೆ. ಸಾಮಾನ್ಯವಾಗಿ "ಮೊದಲ ಮಹಿಳಾ ವೈದ್ಯರು" ಅಂತ ಹೇಳಿ ಮುಗಿಸ್ತೀವಿ. ನಮ್ಮ ವಿಷಯಕ್ಕೆ ಬೇಕಾದ ಅಂಶ ಬೇರೆ. ಬಾಲ್ಯವಿವಾಹ, ಎಳೆ ವಯಸ್ಸಿನ ಬಸಿರು, ಓದು ಈ ಮೂರೂ ಒಂದೇ ಗಂಟು ಅನ್ನೋದು ಅವರ ಬದುಕಿನಲ್ಲೇ ಕಾಣುತ್ತೆ. ಶಾಲೆಯಲ್ಲಿ ಉಳಿದ ಪ್ರತಿ ವರ್ಷವೂ ಮದುವೆಯನ್ನು ಅಷ್ಟು ಮುಂದಕ್ಕೆ ತಳ್ಳುತ್ತೆ.

1885ರಲ್ಲಿ ಡಫರಿನ್ ನಿಧಿ ಶುರುವಾಯಿತು, 1886ರಲ್ಲಿ ಮುಂಬೈಯ ಕಾಮಾ ಆಸ್ಪತ್ರೆ ಬಾಗಿಲು ತೆರೆಯಿತು, ಚೆನ್ನೈನ ಎಗ್ಮೋರ್ ಹೆರಿಗೆ ಆಸ್ಪತ್ರೆ 1844ರಿಂದಲೇ ಇತ್ತು, ದೆಹಲಿಯಲ್ಲಿ 1916ರಲ್ಲಿ ಲೇಡಿ ಹಾರ್ಡಿಂಜ್ ಕಾಲೇಜು ಬಂತು. ಕಟ್ಟಡಗಳು ಎದ್ದವು. ಆದರೆ ಬಹುಪಾಲು ಬಸುರಿಯರು ಅವುಗಳ ಹೊಸ್ತಿಲು ತುಳಿಯಲಿಲ್ಲ. ತುಳಿದವರು ಬಂದಿದ್ದು ಎರಡು ಮೂರು ದಿನ ನೋವು ತಿಂದು, ಮನೆಯವರೆಲ್ಲ ಕೈಚೆಲ್ಲಿದ ಮೇಲೆ. ಆ ಸ್ಥಿತಿಯಲ್ಲಿ ಬಂದವರಲ್ಲಿ ಎಷ್ಟೋ ಜನ ಸಾಯ್ತಿದ್ರು. ಅದನ್ನು ನೋಡಿ "ಆಸ್ಪತ್ರೆಗೆ ಹೋದರೆ ಸಾಯ್ತಾರೆ" ಅನ್ನೋ ಮಾತು ಊರಲ್ಲಿ ಗಟ್ಟಿಯಾಗ್ತಿತ್ತು. ಅವರ ತರ್ಕದಲ್ಲಿ ತಪ್ಪಿರಲಿಲ್ಲ, ಅವರು ಕಂಡಿದ್ದನ್ನೇ ಹೇಳ್ತಿದ್ರು.

1928, ಪರೇಲ್

ಈಗ ಮುಂಬೈಯ ಗಿರಣಿಗಳ ಕಾಲಕ್ಕೆ ಬನ್ನಿ. ಬಟ್ಟೆ ಗಿರಣಿಯಲ್ಲಿ ದುಡಿಯೋ ಬಸುರಿಯರಲ್ಲಿ ಒಂದು ಬಗೆಯ ಭಯಂಕರ ರಕ್ತಹೀನತೆ ಕಾಣಿಸ್ತಿತ್ತು. ಪರೇಲ್‌ನ ಹಾಫ್‌ಕಿನ್ ಸಂಸ್ಥೆಯಲ್ಲಿ ಡಾಕ್ಟರ್ ಮಾರ್ಗರೆಟ್ ಬಾಲ್ಫರ್ ನೇತೃತ್ವದಲ್ಲಿ ತಾಯಂದಿರ ಸಾವಿನ ಬಗ್ಗೆ ವಿಚಾರಣೆ ನಡೆಯುತ್ತಿತ್ತು. ಈ ರಕ್ತಹೀನತೆ ಏನು ಅಂತ ಕಂಡುಹಿಡಿಯೋಕೆ 1928ರಲ್ಲಿ ಇಂಗ್ಲೆಂಡಿನಿಂದ ಲೂಸಿ ವಿಲ್ಸ್ ಅನ್ನೋ ವಿಜ್ಞಾನಿ ಬಂದರು. ಕ್ರಿಮಿಯಿಂದ ಬಂದಿದೆಯಾ ಅಂತ ನೋಡಿದರು, ಅಲ್ಲ. ಆಮೇಲೆ ಯಾರು ಏನು ತಿಂತಾರೆ ಅಂತ ನೋಡಿದರು. ಬಡವರ ತಟ್ಟೆಯಲ್ಲಿ ಹಣ್ಣು, ಸೊಪ್ಪು, ಮಾಂಸ ಕಡಿಮೆ. ಪ್ರಯೋಗ ಮಾಡ್ತಾ ಮಾಡ್ತಾ, ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನೋ ಮಾರ್ಮೈಟ್ ಅನ್ನೋ ಅಗ್ಗದ ಯೀಸ್ಟ್ ಸಾರ ಕೊಟ್ಟರೆ ಈ ಹೆಂಗಸರು ಚೇತರಿಸಿಕೊಳ್ಳೋದನ್ನ ಕಂಡರು. ಚೆನ್ನೈ ಮತ್ತು ಕೂನೂರಿನಲ್ಲೂ ಕೆಲಸ ಮಾಡಿದರು. 1931ರಲ್ಲಿ ಫಲಿತಾಂಶ ಪ್ರಕಟವಾಯಿತು. ಹತ್ತು ವರ್ಷದ ಮೇಲೆ, 1941ರಲ್ಲಿ, ಬಸಳೆಯಂಥದ್ದೇ ಹಸಿರು ಸೊಪ್ಪಾದ ಪಾಲಕ್‌ನಿಂದ ಅದೇ ಅಂಶವನ್ನು ಬೇರ್ಪಡಿಸಲಾಯಿತು. ಎಲೆಯಿಂದ ಬಂದದ್ದಕ್ಕೆ ಫೋಲಿಕ್ ಆಸಿಡ್ ಅಂತ ಹೆಸರು ಬಂತು.

ಇವತ್ತು ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತಂದುಕೊಡೋ ಕೆಂಪು ಮಾತ್ರೆ, ನಿಮ್ಮ ಡಾಕ್ಟರ್ ಮದುವೆಯಾದ ಹೊಸತರಲ್ಲೇ "ಪ್ಲಾನ್ ಇದ್ರೆ ಈಗ್ಲೇ ಶುರು ಮಾಡಿ" ಅನ್ನೋ ಮಾತ್ರೆ, ಎರಡರಲ್ಲೂ ಇರೋದು ಪರೇಲ್‌ನ ಗಿರಣಿ ಹೆಂಗಸರ ರಕ್ತದಿಂದ ಶುರುವಾದ ಆ ಹುಡುಕಾಟದ ಫಲ. ಮಗುವಿನ ಬೆನ್ನುಹುರಿಯ ದೋಷ ತಡೆಯೋಕೆ ಫೋಲಿಕ್ ಆಸಿಡ್ ಬಸಿರಿಗೆ ಮುಂಚಿನಿಂದಲೇ ಬೇಕು ಅನ್ನೋದು 1991ರಲ್ಲಿ ದೊಡ್ಡ ಪ್ರಯೋಗದಿಂದ ಸಾಬೀತಾಯಿತು. ಅಂದ್ರೆ ಐದನೇ ತಿಂಗಳಲ್ಲಿ ಬಂದವಳಿಗೆ ಆ ಉಪಯೋಗ ತಪ್ಪಿಹೋಗಿರುತ್ತೆ. ಬೇಗ ಬರಬೇಕು, ಬೇಗ ಗೊತ್ತಾಗಬೇಕು. ಓದಿನ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತೆ.

ಅದೇ 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡೋ ಮಸೂದೆ ಬಂತು. ಅದನ್ನು ಬೆಂಬಲಿಸಿ ಮಾತಾಡಿದವರಲ್ಲಿ ಡಾ. ಅಂಬೇಡ್ಕರ್ ಒಬ್ಬರು. 1929ರಲ್ಲಿ ಕಾನೂನಾಯಿತು. ಇವತ್ತು ಐಟಿ ಕಂಪನಿಯಲ್ಲಿ 26 ವಾರ ರಜೆ ಹಾಕೋ ಹೆಣ್ಣುಮಕ್ಕಳ ಹಕ್ಕಿನ ಬೇರು ಆ ಗಿರಣಿ ಅಂಗಳದಲ್ಲಿದೆ. ಅದೇ 1929ರಲ್ಲಿ ಶಾರದಾ ಕಾಯ್ದೆ ಬಂದು, ಹುಡುಗಿಯರ ಮದುವೆಗೆ ಕನಿಷ್ಠ ವಯಸ್ಸು 14 ಅಂತ ನಿಗದಿಯಾಯಿತು. ಅದಕ್ಕೆ ಮುಂಚೆ ಕೂತ ಜೋಶಿ ಸಮಿತಿಯ ಮುಂದೆ ಎಳೆ ತಾಯಂದಿರ ಹೆರಿಗೆಯ ಬಗ್ಗೆ ಸಾಕ್ಷಿ ಹೇಳಿದವರಲ್ಲಿ ವೈದ್ಯರೂ ಇದ್ದರು.

ಇಷ್ಟೆಲ್ಲ ಆಗಿಯೂ 1946ರ ಭೋರ್ ಸಮಿತಿ ವರದಿ ಹೊತ್ತಿಗೆ ಬಸಿರು ಬಾಣಂತನದ ಕಾರಣದಿಂದ ವರ್ಷಕ್ಕೆ ಸುಮಾರು 2 ಲಕ್ಷ ಹೆಂಗಸರು ಸಾಯುತ್ತಿದ್ದಾರೆ ಅನ್ನೋ ಅಂದಾಜಿತ್ತು. 1951ರ ಜನಗಣತಿಯಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ 9 ಜನವೂ ಇರಲಿಲ್ಲ.

ಓದದವರು ದಡ್ಡರೇ? ಸೂಲಗಿತ್ತಿ ನರಸಮ್ಮನವರನ್ನು ಕೇಳಿ

ಇಲ್ಲಿ ಒಂದು ನಿಮಿಷ ನಿಲ್ಲೋಣ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಶಾಲೆಗೆ ಹೋದವರಲ್ಲ. ಒಂದು ಪೈಸೆ ತೆಗೆದುಕೊಳ್ಳದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು ಅಂತ ಹೆಸರಾದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್‌ನಲ್ಲಿ ತೀರಿಕೊಂಡರು. ಹೊಟ್ಟೆ ಮುಟ್ಟಿ ಮಗು ಹೇಗೆ ಮಲಗಿದೆ ಅಂತ ಹೇಳೋ ಜ್ಞಾನ ಅವರ ಬೆರಳಿನಲ್ಲಿತ್ತು.

ಹಾಗಾಗಿ "ಓದಿಲ್ಲ, ಅದಕ್ಕೆ ತಿಳಿವಳಿಕೆ ಇಲ್ಲ" ಅನ್ನೋ ಸಮೀಕರಣ ನಡೆಯೋಲ್ಲ. ಅವರ ಜ್ಞಾನದ ಎಲ್ಲೆ ಬೇರೆ ಕಡೆ ಇತ್ತು: ಬೆರಳಿಗೆ ಬಿಪಿ ಸಿಗಲ್ಲ, ಮೂತ್ರದಲ್ಲಿ ಪ್ರೋಟೀನ್ ಇದೆಯಾ ಅಂತ ಕಣ್ಣಿಗೆ ಕಾಣಲ್ಲ, ಎರಡು ಲೀಟರ್ ರಕ್ತ ಹೋದರೆ ಮನೆಯಲ್ಲಿ ತುಂಬಿಸೋಕಾಗಲ್ಲ. ಆ ಎಲ್ಲೆಯಿಂದಾಚೆಗೆ ಆಸ್ಪತ್ರೆ ಬೇಕು. ಆಸ್ಪತ್ರೆಯ ಜೊತೆ ವ್ಯವಹರಿಸೋಕೆ ಇನ್ನೊಂದು ಬಗೆಯ ಜ್ಞಾನ ಬೇಕು. ಅದು ಏನು ಅನ್ನೋದು ಗೊತ್ತಾಗಿದ್ದು 1980ರ ದಶಕದಲ್ಲಿ.

ಕರ್ನಾಟಕದ ಹಳ್ಳಿಗಳಲ್ಲಿ ಸಿಕ್ಕ ಉತ್ತರ

ಆಸ್ಟ್ರೇಲಿಯಾದ ಜನಸಂಖ್ಯಾ ವಿದ್ವಾಂಸ ಜಾನ್ ಕಾಲ್ಡ್‌ವೆಲ್ 1979ರಲ್ಲಿ ನೈಜೀರಿಯಾದ ಅಂಕಿ ಅಂಶ ಇಟ್ಟುಕೊಂಡು ಒಂದು ಲೇಖನ ಬರೆದರು. ಮಕ್ಕಳು ಉಳಿಯೋದು ಅಪ್ಪನ ಉದ್ಯೋಗ, ಮನೆಯ ಅನುಕೂಲ ಇವೆಲ್ಲಕ್ಕಿಂತ ಹೆಚ್ಚಾಗಿ ಅಮ್ಮನ ಶಾಲಾ ಶಿಕ್ಷಣದ ಜೊತೆ ಅಂಟಿಕೊಂಡಿದೆ ಅನ್ನೋದು ಅದರ ಸಾರ. ಎಲ್ಲರೂ ಬೆರಗಾದರು. ಆದರೆ "ಹೇಗೆ" ಅನ್ನೋದಕ್ಕೆ ಅಂಕಿಯಲ್ಲಿ ಉತ್ತರ ಇರಲಿಲ್ಲ. ಮನೆಯೊಳಗೆ ಏನು ನಡೆಯುತ್ತೆ ಅಂತ ನೋಡಬೇಕಿತ್ತು.

ಅದಕ್ಕಾಗಿ ಅವರು, ಅವರ ಪತ್ನಿ ಪ್ಯಾಟ್ ಕಾಲ್ಡ್‌ವೆಲ್ ಮತ್ತು ಬೆಂಗಳೂರಿನ ಪಾಪ್ಯುಲೇಷನ್ ಸೆಂಟರ್‌ನ ಪಿ.ಎಚ್. ರೆಡ್ಡಿ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಕೂತರು. ಪ್ರಶ್ನಾವಳಿ ತುಂಬಿಸಿ ಹೊರಡೋ ಸರ್ವೆ ಆಗಿರಲಿಲ್ಲ ಅದು. ಮನೆ ಮನೆಗೆ ಮತ್ತೆ ಮತ್ತೆ ಹೋಗಿ, ಯಾರಿಗೆ ಜ್ವರ ಬಂದಾಗ ಮೊದಲು ಗಮನಿಸಿದ್ದು ಯಾರು, ಯಾರು ಯಾರನ್ನು ಕೇಳಿದರು, ದುಡ್ಡು ಯಾರು ಕೊಟ್ಟರು ಅಂತ ವಿಚಾರಿಸೋ ಕೆಲಸ. 1982, 83ರಲ್ಲಿ ಲೇಖನಗಳು, 1988ರಲ್ಲಿ ಪುಸ್ತಕ ಬಂತು.

ಅವರಿಗೆ ಕಂಡಿದ್ದು ನಮಗೆಲ್ಲ ಪರಿಚಯದ ಮನೆಯೇ. ಸೊಸೆ ಇದ್ದಾಳೆ, ಅತ್ತೆ ಇದ್ದಾರೆ, ಗಂಡ ಇದ್ದಾನೆ. ಶಾಲೆಗೆ ಹೋಗದ ಸೊಸೆ ಮೈಗೆ ಸರಿಯಿಲ್ಲ ಅಂತ ಬಾಯಿಬಿಟ್ಟು ಹೇಳೋದೇ ಕಷ್ಟ. ಹೇಳಿದರೂ ತೀರ್ಮಾನ ಅತ್ತೆಯದು. "ನಾವೆಲ್ಲ ಹೆತ್ತಿಲ್ವಾ? ಏನೂ ಆಗಲ್ಲ" ಅಂದರೆ ಮಾತು ಮುಗೀತು. ಶಾಲೆಗೆ ಹೋದ ಸೊಸೆಯ ಮನೆಯಲ್ಲಿ ಮಾತಿನ ದಿಕ್ಕು ಬೇರೆ. ಅವಳು ಅತ್ತೆಯ ಜೊತೆ ಜಗಳ ಮಾಡಿ ಗೆದ್ದಳು ಅಂತಲ್ಲ. ಅತ್ತೆಯೇ, ಗಂಡನೇ "ಅವಳು ಓದಿದವಳು, ಆಸ್ಪತ್ರೆ ವಿಷಯ ಅವಳಿಗೆ ಗೊತ್ತಾಗುತ್ತೆ" ಅಂತ ಆ ಜವಾಬ್ದಾರಿಯನ್ನು ಅವಳಿಗೆ ಬಿಟ್ಟುಕೊಡ್ತಿದ್ದರು. ಅವಳಿಗೆ ನಿಜವಾಗಿ ಹೆಚ್ಚು ಗೊತ್ತಿತ್ತೋ ಇಲ್ಲವೋ, ಗೊತ್ತಿದೆ ಅಂತ ಮನೆಯವರು ಒಪ್ಪಿಕೊಂಡದ್ದೇ ದೊಡ್ಡ ಬದಲಾವಣೆ.

ಎರಡನೆಯದು ಡಾಕ್ಟರ ಮುಂದೆ ನಡೆಯೋದು. ಓದದ ಹೆಂಗಸು ಕೊಟ್ಟ ಮಾತ್ರೆಯಿಂದ ವಾಸಿಯಾಗದಿದ್ದರೆ ಮತ್ತೆ ಹೋಗುತ್ತಿರಲಿಲ್ಲ. "ನಿಮ್ಮ ಔಷಧಿ ಕೆಲಸ ಮಾಡಲಿಲ್ಲ" ಅಂತ ಅಷ್ಟು ದೊಡ್ಡವರಿಗೆ ಹೇಳೋದು ಹೇಗೆ? ಅದು ಅವರನ್ನು ಅವಮಾನಿಸಿದ ಹಾಗಲ್ವಾ? ಶಾಲೆಗೆ ಹೋದವಳು ಮತ್ತೆ ಹೋಗಿ ಹೇಳುತ್ತಿದ್ದಳು. ಯಾಕೆಂದ್ರೆ ಅವಳಿಗೆ ಮೇಷ್ಟ್ರ ಮುಂದೆ ಎದ್ದು ನಿಂತು "ಅರ್ಥ ಆಗಲಿಲ್ಲ ಸಾರ್" ಅಂದು ಅಭ್ಯಾಸ ಇತ್ತು. ಮನೆಯವರಲ್ಲದ, ಜಾತಿಯವರಲ್ಲದ, ಊರಿನವರಲ್ಲದ ಒಬ್ಬ ದೊಡ್ಡವರ ಜೊತೆ ಒಂದು ಹುಡುಗಿ ನೇರವಾಗಿ ಮಾತಾಡೋ ಮೊದಲ ಜಾಗ ಶಾಲೆ. ಹಾಜರಿ ಪುಸ್ತಕದಲ್ಲಿ ತನ್ನ ಹೆಸರು ತನ್ನದೇ ಆಗಿ ಬರೆದಿರೋ ಮೊದಲ ಜಾಗವೂ ಅದೇ.

ತ್ರಿಕೋನದ ವಿಸ್ತೀರ್ಣಕ್ಕೂ ಬಸಿರಿಗೂ ಏನು ಸಂಬಂಧ ಅಂತ ಮೊದಲಿಗೆ ಕೇಳಿದ್ವಲ್ಲ, ಸಂಬಂಧ ಇಲ್ಲಿದೆ. ಗಂಟೆ ಹೊಡೆದಾಗ ಹೋಗೋದು, ಸಾಲಲ್ಲಿ ನಿಲ್ಲೋದು, ತಾರೀಖು ನೆನಪಿಟ್ಟುಕೊಳ್ಳೋದು, ಬರೆದದ್ದನ್ನು ನಂಬೋದು, ಕೇಳಿದ್ದಕ್ಕೆ ಕ್ರಮವಾಗಿ ಉತ್ತರ ಕೊಡೋದು. ತಪಾಸಣೆಗೆ ಬೇಕಾದ್ದು ಇದೇ.

ಅನುಮಾನವೂ ಇರಲಿ

ಒಳ್ಳೆ ಪ್ರಶ್ನೆ ಒಂದಿದೆ. ಓದಿದ ಹುಡುಗಿಯ ಅಪ್ಪನ ಮನೆ ಸ್ವಲ್ಪ ಅನುಕೂಲಸ್ಥರದ್ದು, ಗಂಡನೂ ಓದಿದವನು, ಮನೆಯಲ್ಲಿ ನಲ್ಲಿ ನೀರಿದೆ, ಊರಿಗೆ ರಸ್ತೆಯಿದೆ. ಲಾಭ ಇವುಗಳದ್ದೋ, ಓದಿನದ್ದೋ? ಸೋನಾಲ್ಡೆ ದೇಸಾಯಿ ಮತ್ತು ಸೌಮ್ಯಾ ಆಳ್ವ 1998ರಲ್ಲಿ 22 ದೇಶಗಳ ಅಂಕಿಗಳನ್ನು ಹೀಗೆ ಸೋಸಿ ನೋಡಿದರು. ಗಂಡನ ಓದು, ನೀರು, ಶೌಚಾಲಯ, ಊರಿನ ಸ್ಥಿತಿ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡಾಗ ಮಕ್ಕಳ ಸಾವು ಮತ್ತು ಎತ್ತರದ ಮೇಲೆ ಅಮ್ಮನ ಓದಿನ ಪ್ರಭಾವ ತುಂಬ ಇಳಿಯಿತು. ಆದರೆ ಮಕ್ಕಳಿಗೆ ಲಸಿಕೆ ಹಾಕಿಸೋದರ ಮೇಲಿನ ಪ್ರಭಾವ ಗಟ್ಟಿಯಾಗಿ ಉಳಿಯಿತು. ಇದು ಮುಖ್ಯ. ಓದು ಬಡತನವನ್ನು ಅಳಿಸಲ್ಲ. ಆದರೆ ಇರೋ ಸೇವೆಯನ್ನು ಹೋಗಿ ಪಡೆದುಕೊಳ್ಳೋ ಶಕ್ತಿ ಕೊಡುತ್ತೆ. ಲಸಿಕೆಯ ಹಾಗೇ ಗರ್ಭಿಣಿ ತಪಾಸಣೆಯೂ ಅಂಥದ್ದೇ ಒಂದು ಸೇವೆ.

ಇನ್ನೊಂದು ಪರೀಕ್ಷೆ ಟರ್ಕಿಯಲ್ಲಿ ಆಯಿತು. ಅಲ್ಲಿ 1997ರಲ್ಲಿ ಕಡ್ಡಾಯ ಶಿಕ್ಷಣವನ್ನು 5ರಿಂದ 8 ವರ್ಷಕ್ಕೆ ಏರಿಸಿದರು. ಒಂದೆರಡು ವರ್ಷ ಹಿಂದೆ ಮುಂದೆ ಹುಟ್ಟಿದ, ಉಳಿದೆಲ್ಲದರಲ್ಲೂ ಒಂದೇ ಥರದ ಹುಡುಗಿಯರಲ್ಲಿ ಕೆಲವರು ಕಾನೂನಿನ ಕಾರಣಕ್ಕಷ್ಟೇ ಹೆಚ್ಚು ಓದಿದರು. ಮುಂದೆ ತಾಯಂದಿರಾದಾಗ ಅವರು ತಪಾಸಣೆಗೆ ಬೇಗ ಹೋದರು, ತೀರ ಕಡಿಮೆ ತೂಕದ ಮಕ್ಕಳು ಹುಟ್ಟೋದು ಕಡಿಮೆಯಾಯಿತು ಅಂತ ಅಧ್ಯಯನ ತೋರಿಸಿತು. ಅಂದ್ರೆ ಓದಿಗೆ ತನ್ನದೇ ಆದ ಬಲ ಇದೆ.

ಊರು ಬದಲಾದರೆ ಓದಿನ ಬೆಲೆ ಏನು?

ಇದು ನಮ್ಮಂಥ ಹೊರನಾಡಿನವರಿಗೆ ನೇರವಾಗಿ ತಾಗೋ ಭಾಗ.

ರಾಬರ್ಟ್ ಲೆವೈನ್ ಅನ್ನೋ ಮಾನವಶಾಸ್ತ್ರಜ್ಞ ಮೆಕ್ಸಿಕೋ, ವೆನೆಜುವೆಲಾ, ನೇಪಾಳ, ಜಾಂಬಿಯಾಗಳಲ್ಲಿ ತಾಯಂದಿರ ಓದಿನ ಬಗ್ಗೆ ಕೆಲಸ ಮಾಡಿ 2012ರಲ್ಲಿ ಸಹಲೇಖಕರ ಜೊತೆ ಪುಸ್ತಕ ತಂದರು. ಅವರ ಮಾತಿನ ಸಾರ ಇದು: ಶಾಲೆ ಕಲಿಸೋದು ಒಂದು ವಿಶೇಷ ಭಾಷೆಯನ್ನು. ಮನೆಮಾತಲ್ಲ, ಕಚೇರಿಯ, ರೇಡಿಯೋದ, ಫಾರಂನ ಭಾಷೆ. "ಕೊನೆಯ ಮುಟ್ಟಿನ ದಿನಾಂಕ" ಅಂತ ಕೇಳಿದರೆ ಉತ್ತರ ಕೊಡೋ ಭಾಷೆ.

ಆ ಭಾಷೆ ಕನ್ನಡದಲ್ಲಿ ಕಲಿತು, ಬದುಕು ಪುಣೆಯಲ್ಲಿ ಅಥವಾ ಚೆನ್ನೈನಲ್ಲಿ ಅಂದ್ರೆ? ನಮಗೆ ಇಂಗ್ಲಿಷ್ ಇದೆ, ಆ್ಯಪ್ ಇದೆ, ಇನ್ಶೂರೆನ್ಸ್ ಇದೆ. ಆದರೆ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಹೈದರಾಬಾದ್, ಪುಣೆ, ಮುಂಬೈಗೆ ಬರೋ ಹೆಣ್ಣುಮಕ್ಕಳೂ ಕನ್ನಡದವರೇ. ನಾವಿರೋ ಅಪಾರ್ಟ್‌ಮೆಂಟಿನ ಪಕ್ಕದ ಶೆಡ್‌ನಲ್ಲೇ ಇರಬಹುದು. ಏಳನೇ ಕ್ಲಾಸು ಓದಿದ ಹುಡುಗಿಗೆ ಊರಿನ ತಾಯಿ ಕಾರ್ಡ್ ಓದೋಕೆ ಬರುತ್ತೆ. ಹಿಂದಿ ಕಲಿತಿದ್ದರೆ ಮರಾಠಿ ಕಾರ್ಡಿನ ಅಕ್ಷರ ಕೂಡಿಸಿಯಾಳು. ತಮಿಳು, ತೆಲುಗಿನದ್ದಾದರೆ ಮತ್ತೆ ಬೇರೆಯವರ ಬಾಯಿ ನೋಡಬೇಕು. ಓದಿನ ಜೊತೆ ಬಂದ ಆ ಧೈರ್ಯ ಗಡಿ ದಾಟುವಾಗ ಅರ್ಧ ಕಳೆದುಹೋಗುತ್ತೆ.

ಅರ್ಧ ಮಾತ್ರ. ಇನ್ನರ್ಧ ಉಳಿಯುತ್ತೆ ಅನ್ನೋದಕ್ಕೆ ದೆಹಲಿಯಲ್ಲಿ ಒಂದು ಸಾಕ್ಷಿ ಇದೆ. ಅಲಕಾ ಬಸು 1980ರ ದಶಕದಲ್ಲಿ ದೆಹಲಿಯ ಒಂದು ಪುನರ್ವಸತಿ ಕಾಲೊನಿಯಲ್ಲಿ ತಮಿಳುನಾಡಿನಿಂದ ಬಂದ ಮತ್ತು ಉತ್ತರ ಪ್ರದೇಶದಿಂದ ಬಂದ ಬಡ ಹೆಂಗಸರನ್ನು ಹೋಲಿಸಿದರು. ಒಂದೇ ಕಾಲೊನಿ, ಬಡತನವೂ ಹೆಚ್ಚು ಕಡಿಮೆ ಒಂದೇ. ತಮಿಳು ಹೆಂಗಸರಿಗೆ ದೆಹಲಿಯ ಭಾಷೆ ಪರಭಾಷೆ. ಆದರೂ ಹೊರಗೆ ಹೋಗಿ ದುಡಿಯೋದು, ಪರಕೀಯರ ಜೊತೆ ಮಾತಾಡೋದು ಅವರಲ್ಲಿ ಹೆಚ್ಚಿತ್ತು. ಕೈಯಲ್ಲಿ ಪ್ರಮಾಣಪತ್ರ ಇಲ್ಲದಿದ್ದರೂ ಮನೆಯಿಂದ ಹೊರಗೆ ಹೆಜ್ಜೆ ಇಡೋ ಸ್ವಾತಂತ್ರ್ಯ ಇದ್ದರೆ ಓದು ಮಾಡೋ ಕೆಲಸದ ಒಂದು ಪಾಲನ್ನು ಅದೂ ಮಾಡುತ್ತೆ.

ಇನ್ನೊಂದು ನಮ್ಮದೇ ಸಮಸ್ಯೆ: ಚೊಚ್ಚಲ ಹೆರಿಗೆ ತವರಲ್ಲಿ. ಏಳು ತಿಂಗಳ ತನಕ ಪುಣೆಯ ಡಾಕ್ಟರ್, ಸೀಮಂತ ಮುಗಿಸಿ ಹುಬ್ಬಳ್ಳಿ ಅಥವಾ ಶಿವಮೊಗ್ಗ. ಬಿಪಿ ಏರೋಕೆ, ರಕ್ತ ಇಳಿಯೋಕೆ ಹೆಚ್ಚು ಸಾಧ್ಯತೆ ಇರೋ ಹೊತ್ತಲ್ಲೇ ಡಾಕ್ಟರ್ ಬದಲಾಗ್ತಾರೆ. ಹಳೇ ರಿಪೋರ್ಟ್‌ಗಳೆಲ್ಲ ಒಂದು ಫೈಲಿನಲ್ಲಿ ಇರಲೇಬೇಕು. ಚೆನ್ನೈನಲ್ಲಿರೋರಿಗೆ ಪಿಕ್ಮಿ ನಂಬರ್ ಅಂದ್ರೆ ಏನು ಅಂತ ಗೊತ್ತು, ಊರಲ್ಲಿ ತಾಯಿ ಕಾರ್ಡ್. ಬಾಣಂತನದ ಬೆಚ್ಚನೆ ಬೇಕು, ದಾಖಲೆಯ ಸರಪಳಿ ಕಡಿಯಬಾರದು, ಎರಡೂ ಸಾಧ್ಯ.

ಓದಿನ ಮೇಲೇ ಎಲ್ಲ ಭಾರ ಹಾಕಬೇಡಿ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ನೂರಕ್ಕೆ ಸುಮಾರು 89 ಹೆರಿಗೆ ಆಸ್ಪತ್ರೆಯಲ್ಲಿ ಆಗ್ತಿವೆ. 1992-93ರ ಮೊದಲ ಸಮೀಕ್ಷೆಯಲ್ಲಿ ಇದು ಕಾಲು ಭಾಗದಷ್ಟಿತ್ತು. ಆದರೆ ಕನಿಷ್ಠ 4 ಸಲ ತಪಾಸಣೆ ಮಾಡಿಸಿಕೊಂಡ ತಾಯಂದಿರು ನೂರಕ್ಕೆ 58 ಜನ ಮಾತ್ರ. ಮೊದಲ ಮೂರು ತಿಂಗಳೊಳಗೆ ಬಂದವರು 70. ಬಿಹಾರದಲ್ಲಿ 4 ತಪಾಸಣೆ ಆದವರು ನಾಲ್ವರಲ್ಲಿ ಒಬ್ಬರು. ವಿಶ್ವ ಆರೋಗ್ಯ ಸಂಸ್ಥೆ 2016ರಿಂದ 8 ಸಲ ಬೇಕು ಅನ್ನುತ್ತಿದೆ.

ಹೆರಿಗೆ 89, ತಪಾಸಣೆ 58. ಈ ಅಂತರವನ್ನು ಗಮನಿಸಿ. 2005ರ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು, ಆಂಬ್ಯುಲೆನ್ಸ್ ಎಲ್ಲ ಸೇರಿ ಓದದ ಹೆಂಗಸನ್ನೂ ಹೆರಿಗೆಗೆ ಆಸ್ಪತ್ರೆಗೆ ತಂದವು. ಸೇವೆ ಮನೆ ಬಾಗಿಲಿಗೆ ಬಂದರೆ ಓದಿದವರ ಓದದವರ ನಡುವಿನ ಅಂತರ ಕಿರಿದಾಗುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ನೋವಿಲ್ಲದ ದಿನ ಮತ್ತೆ ಮತ್ತೆ ಹೋಗಬೇಕು ಅನ್ನೋ ಕಡೆ ನಾವಿನ್ನೂ ಹಿಂದಿದ್ದೇವೆ. ಅಲ್ಲಿ ಓದಿನ ಬಲವೂ ಬೇಕು, ಹೋದವಳನ್ನು ಗದರಿಸದೆ ಮಾತಾಡಿಸೋ ನರ್ಸೂ ಬೇಕು. ಒಂದು ಸಲ ಬೈಸಿಕೊಂಡು ಬಂದವಳು ಎಷ್ಟು ಓದಿದ್ದರೂ ಎರಡನೇ ಸಲ ಹಿಂಜರೀತಾಳೆ.

ಎಲ್ಲಕ್ಕಿಂತ ಕಷ್ಟದಲ್ಲಿರೋದು ತೀರ ಚಿಕ್ಕವರು. 20ರಿಂದ 24 ವಯಸ್ಸಿನ ಹೆಂಗಸರಲ್ಲಿ 18 ತುಂಬೋ ಮುಂಚೆ ಮದುವೆಯಾದವರು ದೇಶದಲ್ಲಿ ನೂರಕ್ಕೆ 23, ಕರ್ನಾಟಕದಲ್ಲಿ 21. ಹಿಂದಿನ ಸಮೀಕ್ಷೆಗೂ ಇದಕ್ಕೂ ನಡುವೆ ಕರ್ನಾಟಕದಲ್ಲಿ ಈ ಅಂಕಿ ಹೆಚ್ಚು ಕಡಿಮೆ ಅಲ್ಲೇ ನಿಂತಿದೆ. 18ರ ಒಳಗಿನ ಬಸುರಿ ಆಸ್ಪತ್ರೆಗೆ ಬಂದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಬೇಕು. ಕಾಯ್ದೆಯ ಉದ್ದೇಶ ಹುಡುಗಿಯನ್ನು ಕಾಯೋದು. ಆದರೆ ಕೇಸಿನ ಹೆದರಿಕೆಗೆ ಮನೆಯವರು ಬಸಿರನ್ನೇ ಮುಚ್ಚಿಟ್ಟರೆ, ಎಲ್ಲರಿಗಿಂತ ಹೆಚ್ಚು ತಪಾಸಣೆ ಬೇಕಾದ ಹುಡುಗಿಯೇ ತಪಾಸಣೆಯಿಂದ ಹೊರಗುಳೀತಾಳೆ. ಇದಕ್ಕೆ ನಿಜವಾದ ಮದ್ದು ಬಸಿರಿನ ಹೊತ್ತಿನಲ್ಲಿ ಇಲ್ಲ, ಅದಕ್ಕೆ ನಾಲ್ಕೈದು ವರ್ಷ ಮುಂಚೆ ಇದೆ. ಏಳನೇ ಕ್ಲಾಸು ಮುಗಿಸಿದವಳು ಎಂಟಕ್ಕೆ, ಹತ್ತು ಮುಗಿಸಿದವಳು ಪಿಯುಸಿಗೆ ಹೋಗೋ ಹಾಗೆ ನೋಡಿಕೊಳ್ಳೋದರಲ್ಲಿದೆ.

1881ರಲ್ಲಿ ಮೈಸೂರಿನಲ್ಲಿ ಮಹಾರಾಣಿ ಬಾಲಿಕಾ ಪಾಠಶಾಲೆ ಶುರುವಾದಾಗ, 1935ರಲ್ಲಿ ಬೆಂಗಳೂರಿನಲ್ಲಿ ವಾಣಿ ವಿಲಾಸ ಆಸ್ಪತ್ರೆ ಶುರುವಾದಾಗ, ಮೊದಲನೆಯದು ವಿದ್ಯಾ ಇಲಾಖೆಯ ಕೆಲಸ, ಎರಡನೆಯದು ಆರೋಗ್ಯ ಇಲಾಖೆಯ ಕೆಲಸ ಅಂತ ಎಲ್ಲರೂ ಅಂದುಕೊಂಡಿರಬೇಕು. ನಡುವಿನ ಅರ್ಧ ಶತಮಾನದ ಅಂತರ ನೋಡಿದರೆ ಅವು ಒಂದೇ ದಾರಿಯ ಎರಡು ಮೈಲಿಗಲ್ಲು. ಶಾಲೆಯ ಬಾಗಿಲು ದಾಟಿದವಳಿಗೆ ಆಸ್ಪತ್ರೆಯ ಬಾಗಿಲು ಅಷ್ಟು ಎತ್ತರ ಅನಿಸಲಿಲ್ಲ.

ನಿಮ್ಮ ಮನೆಗೆ ಕೆಲಸಕ್ಕೆ ಬರೋ ಹುಡುಗಿಯ ಕೈಯಲ್ಲಿ ಕಾರ್ಡ್ ಇದ್ದು, ಅದು ಅವಳಿಗೆ ಬಾರದ ಲಿಪಿಯಲ್ಲಿದ್ದರೆ, ಓದಿ ಹೇಳಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ, ಆ ದಿನ ರಜೆ ಕೊಡಿ, ಸಂಬಳ ಹಿಡೀಬೇಡಿ. ಊರಿಗೆ ಫೋನ್ ಮಾಡಿದಾಗ ನಿಮ್ಮ ಅಮ್ಮ, ಅಜ್ಜಿ, ಅತ್ತೆಯನ್ನು ಕೇಳಿ: "ನಿಮ್ಮ ಕಾಲದಲ್ಲಿ ಮೊದಲ ಸಲ ಡಾಕ್ಟರಿಗೆ ತೋರಿಸಿದ್ದು ಎಷ್ಟನೇ ತಿಂಗಳಲ್ಲಿ? ಜೊತೆಗೆ ಯಾರು ಬಂದಿದ್ರು?" ಅವರು ಹೇಳೋದನ್ನ ಕೆಳಗೆ ಬರೀರಿ. ಪುಸ್ತಕದಲ್ಲಿ ಸಿಗದ ಚರಿತ್ರೆ ಅಲ್ಲಿದೆ.